ಪಟ್ಟಿ ಬರೆದವರು, ಪಟ್ಟಿಗೆ ಸಿಗದವರು

— ಕಾಕಾ, ಹತ್ತನೇ ಕ್ಲಾಸಿಗೆ ನಾಜಿ ಜರ್ಮನಿಯ ಪಾಠ ನಡದದ. ಅರವತ್ತು ಲಕ್ಷ ಯಹೂದಿಗಳನ್ನ ಕೊಂದ್ರು ಅಂತ ಬೋರ್ಡಿನ ಮ್ಯಾಲ ಬರದೆ, ಹುಡುಗೂರು ಬರಕೊಂಡ್ರು. ಹಿಂದಿನ ಬೆಂಚಿನ ಹುಡುಗಿ ಒಬ್ಬಾಕಿ ಎದ್ದಳು. "ಮೇಡಂ, ನೋಡ್ಲಿಕ್ಕೆ ಎಲ್ಲರೂ ಒಂದೇ ಥರ ಇದ್ರು ಅಂತೀರಿ. ಮತ್ತ ಯಾರು ಯಹೂದಿ ಅಂತ ಹ್ಯಾಂಗ ಗುರ್ತು ಹಿಡಿದ್ರು?" ಅಂದಳು. ಹಳದಿ ನಕ್ಷತ್ರ ಹಚ್ಚಿಸಿದ್ರು ಅಂದೆ. "ಯಾರಿಗೆ ಹಚ್ಚಬೇಕು ಅಂತ ಹ್ಯಾಂಗ ಗೊತ್ತಾತು?" ಅಂತ ಮತ್ತ ಕೇಳಿದಳು. ಅಷ್ಟರಾಗ ಗಂಟಿ ಹೊಡೀತು.

— ಕೇಳಬೇಕಾದದ್ದನ್ನೇ ಕೇಳ್ಯಾಳ. ನಕ್ಷತ್ರ ಬಂದದ್ದು 1941ರ ಸೆಪ್ಟೆಂಬರಿನಾಗ. ಗುರ್ತು ಹಿಡಿಯೋ ಕೆಲಸ ಅದಕ್ಕಿಂತ ಎಂಟು ವರ್ಷ ಮೊದಲ, ಟೇಬಲ್ಲಿನ ಮ್ಯಾಲ ಸುರು ಆಗಿತ್ತು. 1933ರ ಜನವರಿ 30ಕ್ಕೆ ಹಿಟ್ಲರ್ ಚಾನ್ಸಲರ್ ಆದ. ಏಪ್ರಿಲ್ 7ಕ್ಕೆ ಸರ್ಕಾರಿ ನೌಕರರ ಕಾನೂನು ಬಂತು. ಅದರ ನಿಯಮದ ಪ್ರಕಾರ ಅಜ್ಜ-ಅಜ್ಜಿ ನಾಕು ಮಂದಿಯೊಳಗ ಒಬ್ಬರು ಯಹೂದಿ ಇದ್ರೂ ನೌಕರಿ ಹೋತು. ಮೊದಲ ಮಹಾಯುದ್ಧದಾಗ ಕಾದಾಡಿ ಬಂದವರಿಗೆ ಒಂದಿಷ್ಟು ದಿನ ರಿಯಾಯ್ತಿ ಇತ್ತು, ಆಮ್ಯಾಲ ಅದನ್ನೂ ತೆಗೆದ್ರು. ಮಾಸ್ತರ, ಡಾಕ್ಟರ, ಗುಮಾಸ್ತ ಎಲ್ಲರೂ ಫಾರಂ ತುಂಬಬೇಕು, ಅಜ್ಜ-ಅಜ್ಜಿ ಯಾವ ಧರ್ಮದವರು ಅಂತ ದಾಖಲೆ ತರಬೇಕು. ಚರ್ಚಿನ ರಿಜಿಸ್ಟರ್ ತೆಗೆದು ನಕಲು ಮಾಡಿ ಕೊಟ್ಟವರು ಪಾದ್ರಿಗಳು, ಅವರ ಕೈಕೆಳಗಿನ ಗುಮಾಸ್ತರು.

— 1935ರ ನ್ಯೂರೆಂಬರ್ಗ್ ಕಾನೂನು ನಮ್ಮ ಪುಸ್ತಕದಾಗ ಅದ. ಆದ್ರ ಎರಡೇ ಸಾಲು.

— ಆ ಎರಡು ಸಾಲನ್ನ ಒಡೆದು ಹೇಳಬೇಕು. ಸೆಪ್ಟೆಂಬರ್ 15ಕ್ಕೆ ಬಂದದ್ದು. ಅದರ ನಿಯಮದ ಪ್ರಕಾರ ಅಜ್ಜ-ಅಜ್ಜಿಯೊಳಗ ಮೂರು ಮಂದಿ ಯಹೂದಿಗಳಾಗಿದ್ರ ನೀನೂ ಯಹೂದಿ. ನೀ ಚರ್ಚಿಗೆ ಹೋಗ್ತಿದ್ದಿ, ನಿಮ್ಮಪ್ಪನ ಕಾಲಕ್ಕೇ ಕ್ರೈಸ್ತರಾಗಿದ್ರಿ, ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನ ಮುಖ ನೋಡಿದವ್ರಲ್ಲ, ಯಾವುದೂ ಲೆಕ್ಕಕ್ಕಿಲ್ಲ. ಪೌರತ್ವ ಹೋತು, ಯಹೂದಿ ಅಲ್ಲದವರ ಕೂಡ ಮದಿವಿ ಆಗೋಹಂಗಿಲ್ಲ, ನಲವತ್ತೈದರೊಳಗಿನ ಜರ್ಮನ್ ಹೆಣ್ಣುಮಗಳನ್ನ ಮನಿಗೆಲಸಕ್ಕ ಇಟ್ಟುಕೊಳ್ಳೋಹಂಗಿಲ್ಲ. 1939ರ ಮೇ 17ಕ್ಕೆ ಜನಗಣತಿ ಮಾಡಿದ್ರು. ಮಾಮೂಲಿ ಫಾರಂ ಜೋಡಿ ಇನ್ನೊಂದು ಕಾರ್ಡ್ ಇತ್ತು. ಮನಿಯಾಗಿನ ಪ್ರತಿಯೊಬ್ಬರ ನಾಕು ಮಂದಿ ಅಜ್ಜ-ಅಜ್ಜಿಯ ವಂಶ ಬರೆದು ಲಕೋಟೆಯೊಳಗ ಹಾಕಿ ಮುಚ್ಚಿ ಕೊಡಬೇಕು. ಕಂಪ್ಯೂಟರ್ ಬರೋದಕ್ಕ ಮೊದಲ ಕಾರ್ಡಿಗೆ ತೂತು ಹೊಡೆದು ಎಣಿಸೋ ಮಷೀನ್ ಇದ್ವು, ಜನಗಣತಿಯ ಎಣಿಕೆ ಅವುಗಳ ಮ್ಯಾಲ ನಡೀತು.

— ಅಷ್ಟೂ ಮಂದಿ ಫಾರಂ ತುಂಬಿ ಕೊಟ್ರಾ? ಸುಳ್ಳು ಬರೀಬಹುದಿತ್ತಲ್ಲ.

— ಬರೆದವರೂ ಇದ್ರು. ಆದ್ರ ಸರ್ಕಾರ ಕೇಳಿದ ಕಾಗದ ತುಂಬಿ ಕೊಡೋದು ನಾಗರಿಕನ ಕೆಲಸ ಅಂತ ನಂಬಿ ಬೆಳೆದ ಮಂದಿ ಅವರು. 1933ಕ್ಕ ಜರ್ಮನಿಯೊಳಗ ಯಹೂದಿಗಳು ಸುಮಾರು 5,25,000. ಒಟ್ಟು ಜನಸಂಖ್ಯೆಯೊಳಗ ನೂರಕ್ಕೆ ಒಬ್ಬರೂ ಇಲ್ಲ. ವಕೀಲರು, ದರ್ಜಿಗಳು, ಅಂಗಡಿಕಾರರು, ಆ ದೇಶಕ್ಕಾಗಿ ಯುದ್ಧದಾಗ ಕೈಕಾಲು ಕಳಕೊಂಡವರು. ಮುಂದ ಆ ಕಾರ್ಡು ಎಲ್ಲಿಗೆ ಮುಟ್ಟತದ ಅಂತ ತುಂಬುವಾಗ ಯಾರಿಗೆ ಗೊತ್ತು?

— ನಾ ಪಾಠದಾಗ ಒಮ್ಮೆಲೇ ಕೊಲೆ ಕ್ಯಾಂಪಾದ ಆಶ್ವಿತ್ಸ್‌ಗೆ ಹೋಗಿಬಿಟ್ಟೆ. ಹುಡುಗೂರು ದಂಗಾದ್ರು, ಆದ್ರ ಅದು ಅವರಿಗೆ ಸಿನಿಮಾದಂಗ ಕಂಡಿತು ಅನಸ್ತದ.

— ಬೆಕ್ಕಿನ ಕತಿ ಹೇಳು. ವಿಕ್ಟರ್ ಕ್ಲೆಂಪರರ್ ಅಂತ, ಡ್ರೆಸ್ಡೆನ್ ನಗರದಾಗ ಪ್ರೊಫೆಸರ್. ಹುಟ್ಟಿದ್ದು ಯಹೂದಿ ಮನಿಯಾಗ, ಆಮ್ಯಾಲ ಕ್ರೈಸ್ತನಾಗಿದ್ದ, ಮೊದಲ ಮಹಾಯುದ್ಧದಾಗ ಸೈನಿಕನಾಗಿದ್ದ. ಹೆಂಡತಿ ಏವಾ ಯಹೂದಿ ಅಲ್ಲ. 1935ಕ್ಕ ನೌಕರಿ ಹೋತು. ಆಮ್ಯಾಲ ಒಂದೊಂದಾಗಿ ಲೈಬ್ರರಿ ಹೋತು, ಕಾರು ಹೋತು, ಸ್ವಂತ ಮನಿ ಹೋತು, ರೇಡಿಯೋ ಹೋತು, ಟೈಪ್‌ರೈಟರ್ ಹೋತು. ಎಲ್ಲಕ್ಕೂ ಒಂದೊಂದು ಆದೇಶ, ಎಲ್ಲಕ್ಕೂ ಒಂದು ಸಹಿ. ಗಂಡ-ಹೆಂಡತಿಗೆ ಮಕ್ಕಳಿದ್ದಿಲ್ಲ, ಒಂದು ಬೆಕ್ಕಿತ್ತು. 1942ರ ಮೇ ತಿಂಗಳಾಗ ಯಹೂದಿಗಳು, ಅವರ ಕೂಡ ಇರೋರು ಸಾಕುಪ್ರಾಣಿ ಇಟ್ಟುಕೊಳ್ಳೋಹಂಗಿಲ್ಲ ಅಂತ ಆದೇಶ ಬಂತು. ಬ್ಯಾರೆಯವರಿಗೆ ಕೊಡೋಹಂಗೂ ಇಲ್ಲ. ಏವಾ ಬೆಕ್ಕನ್ನ ಪಶುವೈದ್ಯರ ಹತ್ರ ಒಯ್ದಳು, ಅವರು ಔಷಧ ಕೊಟ್ಟು ಸಾಯಿಸಿದ್ರು. ಕ್ಲೆಂಪರರ್ ಅದನ್ನ ಡೈರಿಯೊಳಗ ಬರದಾನ. ಆ ಡೈರಿ ಸಿಕ್ಕಿದ್ರ ಜೀವ ಹೋಗೋದು. ಹೆಂಡತಿ ಹಾಳಿಗಳನ್ನ ಒಯ್ದು ಒಬ್ಬ ಡಾಕ್ಟರಮ್ಮನ ಮನಿಯಾಗ ಬಚ್ಚಿಡತಿದ್ದಳು. ಅವ ಬದುಕಿ ಉಳಿದ. ಡೈರಿ 1995ಕ್ಕ ಪುಸ್ತಕ ಆಗಿ ಬಂತು.

— ಬೆಕ್ಕಿನಿಂದ ಸರ್ಕಾರಕ್ಕ ಏನಾಗ್ತಿತ್ತು ಕಾಕಾ?

— ಏನೂ ಆಗ್ತಿದ್ದಿಲ್ಲ. ಆದ್ರೂ ಒಬ್ಬ ಅಧಿಕಾರಿ ಕುಂತು ವಿಚಾರ ಮಾಡಿ ಕರಡು ಬರೆದಾನ, ಇನ್ನೊಬ್ಬ ತಿದ್ದ್ಯಾನ, ಮತ್ತೊಬ್ಬ ಟೈಪ್ ಮಾಡ್ಯಾನ. ಆ ಬೆಕ್ಕು ಸಾಯೋದಕ್ಕ ಎಷ್ಟು ಮಂದಿಯ ಕೈ ಹತ್ತಿತು ಅಂತ ಹುಡುಗೂರಿಗೆ ಎಣಿಸ್ಲಿಕ್ಕೆ ಹೇಳು. ಮನಿಯಾಗ ಬೆಕ್ಕು ಸಾಕಿದ ಹುಡುಗೂರು ನಿನ್ನ ಕ್ಲಾಸಿನಾಗ ಇದ್ದೇ ಇರ್ತಾರ. ಹೆಸರಿಗೂ ಬಿಡಲಿಲ್ಲ. ಹೆಸರಿನಿಂದ ಯಹೂದಿ ಅಂತ ಗುರ್ತು ಸಿಗದ ಯಹೂದಿ ಗಂಡಸರು ಹೆಸರಿನ ಜೋಡಿ ಇಸ್ರೇಲ್ ಅಂತ, ಹೆಂಗಸರು ಸಾರಾ ಅಂತ 1939ರ ಜನವರಿಯಿಂದ ಸೇರಿಸಬೇಕಾತು. ಪಾಸ್‌ಪೋರ್ಟಿನ ಮ್ಯಾಲ ಕೆಂಪು ಅಕ್ಷರದಾಗ 'ಜೆ' ಅಂತ ಮುದ್ರೆ. 1938ರ ನವೆಂಬರ್ 9ರ ರಾತ್ರಿ ಸಿನಗಾಗ್ ಸುಟ್ಟು, ಅಂಗಡಿ ಒಡೆದು, ಸುಮಾರು 30,000 ಗಂಡಸರನ್ನ ಹಿಡಿದು ಕ್ಯಾಂಪಿಗೆ ಹಾಕಿದ್ರು. ಆಮ್ಯಾಲ 100 ಕೋಟಿ ಮಾರ್ಕ್ ದಂಡ ಯಹೂದಿಗಳ ಮ್ಯಾಲೇ ಹಾಕಿದ್ರು. ಒಂದು ವಾರದೊಳಗ ಅವರ ಮಕ್ಕಳನ್ನ ಜರ್ಮನ್ ಸಾಲಿಯಿಂದ ಹೊರಗ ಹಾಕಿದ್ರು.

— ಮಕ್ಕಳನ್ನ ಹೊರಗ ಹಾಕುವಾಗ ಮಾಸ್ತರು ಏನ್ ಮಾಡಿದ್ರು ಅಂತ ನನಗ ಯೋಚನಿ ಬರ್ತದ. ಹಾಜರಿ ಪುಸ್ತಕದಾಗ ಹೆಸರಿನ ಮ್ಯಾಲ ಗೀಟು ಎಳೆದವರು ನನ್ನಂಥವರೇ ಅಲ್ಲೇನು?

— ನೀ ಹಾಜರಿ ಪುಸ್ತಕ ಅಂದಿ. ನನಗ ಟಿಕೆಟ್ ನೆನಪಾಗ್ತದ. ನನ್ನ ನೌಕರಿ ಪೂರಾ ವಾಡಿ ಜಂಕ್ಷನ್ನಿನ ಬುಕಿಂಗ್ ಕೌಂಟರಿನಾಗ ಹೋತು. ಮುಂಬಯಿ ಕಡೆಯ ಗಾಡಿ, ಮದ್ರಾಸ್ ಕಡೆಯ ಗಾಡಿ, ನಿಜಾಮರ ಕಾಲಕ್ಕ ಹಾಕಿದ ಸಿಕಂದರಾಬಾದ್ ಲೈನು, ಎಲ್ಲಾ ಕೂಡೋ ಜಾಗ. ಅರ್ಧ ಟಿಕೆಟ್, ಪೂರಾ ಟಿಕೆಟ್, ಪಾರ್ಟಿ ಬುಕಿಂಗ್, ರಿಯಾಯ್ತಿ, ಇವೇ ನನ್ನ ಲೋಕ. ರಿಟೈರ್ ಆದಮ್ಯಾಲ ರಾವುಲ್ ಹಿಲ್ಬರ್ಗ್ ಅನ್ನೋ ಇತಿಹಾಸಕಾರನ ಕೆಲಸ ಓದಿದೆ. ಯಹೂದಿಗಳನ್ನ ಕ್ಯಾಂಪಿಗೆ ಒಯ್ದ ರೈಲಿಗೆ ಜರ್ಮನ್ ರೈಲ್ವೆ ಛಾರ್ಜು ತಗೊಂಡದ ಅಂತ ಅದರಾಗ ಅದ.

— ಛಾರ್ಜು?

— ಹೌದು. ದನದ ಡಬ್ಬಿಯೊಳಗ ತುರುಕಿ ಒಯ್ದ್ರೂ ಬಿಲ್ಲು ಮೂರನೇ ದರ್ಜೆದ್ದು, ಕಿಲೋಮೀಟರಿಗೆ ನಾಕು ಫೆನಿಗ್. ನಾನೂರಕ್ಕಿಂತ ಹೆಚ್ಚು ಮಂದಿ ಒಮ್ಮೆಗೆ ಹೋದ್ರ ಗುಂಪಿನ ರಿಯಾಯ್ತಿ, ಅರ್ಧ ದರ. ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ ಟಿಕೆಟ್. ನಾಕು ವರ್ಷದೊಳಗಿನ ಕೂಸಿಗೆ ಟಿಕೆಟ್ ಇಲ್ಲ. ಕಾವಲಿಗೆ ಹೋದ ಪೊಲೀಸರಿಗೆ ಹೋಗಿ-ಬರೋ ಛಾರ್ಜು, ಯಹೂದಿಗಳಿಗೆ ಹೋಗೋದು ಮಾತ್ರ. ಬಿಲ್ಲು, ಯಹೂದಿಗಳನ್ನ ಸಾಗಿಸೋ ಕೆಲಸ ನೋಡ್ತಿದ್ದ ಅಧಿಕಾರಿ ಐಕ್‌ಮನ್ನನ ಕಚೇರಿಗೆ ಹೋಗೋದು. ಯಹೂದಿಗಳಿಂದಲೇ ಕಸಗೊಂಡ ರೊಕ್ಕದಿಂದ ಆ ಬಿಲ್ಲು ತುಂಬಿದ್ದೂ ಅದ. 1944ರ ಮೇ 15ರಿಂದ ಜುಲೈ 9ರೊಳಗ, ಎಂಟು ವಾರದಾಗ, ಹಂಗೇರಿಯಿಂದ 147 ರೈಲಿನಾಗ 4,37,000 ಮಂದಿಯನ್ನ ಒಯ್ದ್ರು. ಹೆಚ್ಚುಕಡಿಮಿ ಎಲ್ಲರೂ ಆಶ್ವಿತ್ಸ್‌ಗೆ. ಯುದ್ಧಕ್ಕ ಡಬ್ಬಿ ಸಾಲದ ಕಾಲಕ್ಕ ಅಷ್ಟು ರೈಲು ಓಡಬೇಕಂದ್ರ ಟೈಮ್‌ಟೇಬಲ್ ಬೇಕು, ಲೈನ್ ಖಾಲಿ ಮಾಡಬೇಕು, ಇಂಜಿನ್ ಬದಲಾಗಬೇಕು, ಸಿಗ್ನಲ್ ಬೀಳಬೇಕು. ತುಂಬಿ ಹೋದ ಗಾಡಿ ಒಂದೇ ಸ್ಟೇಷನ್ನಿನಿಂದ ಪ್ರತಿ ಸಲ ಖಾಲಿ ವಾಪಸ್ ಬರ್ತದ ಅಂದ್ರ ಲೈನಿನ ಮ್ಯಾಲ ಕೆಲಸ ಮಾಡೋ ಮನುಷ್ಯಾಗ ಗೊತ್ತಾಗೋದಿಲ್ಲೇನು? ನನಗಂತೂ ಗೊತ್ತಾಗ್ತಿತ್ತು. ಅದನ್ನ ಓದಿದ ರಾತ್ರಿ ನನ್ನ ಕೈಯೊಳಗ ಆ ರಿಯಾಯ್ತಿ ಫಾರಂ ಬಂದಿದ್ರ ನಾ ಏನ್ ಮಾಡ್ತಿದ್ದೆ ಅಂತ ಕುಂತುಬಿಟ್ಟೆ.

— ಹೆದರಿಕಿ ಇತ್ತು ಅವರಿಗೆ. ಹೆಂಡಿರು ಮಕ್ಕಳಿದ್ರು. ಸರ್ವಾಧಿಕಾರದ ಕೆಳಗ ಒಬ್ಬ ಕಾರಕೂನ ಇಲ್ಲ ಅಂದ್ರ ಅವನ ಗತಿ ಏನು? ನಾವು ಇಲ್ಲಿ ಅಂಗಳದಾಗ ಕುಂತು ಅವರನ್ನ ಅಳೀಲಿಕ್ಕೆ ಬರ್ತದೇನು?

— ಹೆದರಿಕಿ ಖರೇ. ಆದ್ರ ಬರೀ ಹೆದರಿಕಿ ಅಂದ್ರ ಪೂರಾ ಆಗೋದಿಲ್ಲ. ಗಾಡಿ ಹತ್ತೋದಕ್ಕ ಮೊದಲ ಒಂದೊಂದು ಕುಟುಂಬ 16 ಪುಟದ ಆಸ್ತಿ ಫಾರಂ ತುಂಬಬೇಕಿತ್ತು. ಕುರ್ಚಿ ಎಷ್ಟು, ಹಾಸಿಗಿ ಎಷ್ಟು, ಚಮಚ ಎಷ್ಟು. ಅವರು ಹೋದಮ್ಯಾಲ ಸರ್ಕಾರ ಆ ಸಾಮಾನು ಹರಾಜು ಹಾಕಿತು, ಕೊಂಡವರು ಅದೇ ಊರಿನ ಮಂದಿ. ಪಕ್ಕದ ಮನಿಯ ಕುರ್ಚಿ ತಂದು ತಮ್ಮ ಮನಿಯಾಗ ಹಾಕ್ಕೊಂಡ್ರು. ಅಲ್ಲಿ ಯಾರೂ ಬಂದೂಕು ಹಿಡಿದು ಕೊಳ್ರಿ ಅಂದಿದ್ದಿಲ್ಲ. 1942ರ ಜನವರಿ 20ಕ್ಕೆ ಬರ್ಲಿನ್ನಿನ ಅಂಚಿನಾಗ ವಾನ್ಸೀ ಅನ್ನೋಕಡೆ 15 ಅಧಿಕಾರಿಗಳು ಕೂಡಿದ್ರು. ಯುರೋಪಿನ ಯಾವ ದೇಶದಾಗ ಎಷ್ಟು ಯಹೂದಿಗಳು ಅಂತ ಒಂದು ಕೋಟಿ ಹತ್ತು ಲಕ್ಷದ ಪಟ್ಟಿ ಮುಂದಿಟ್ಟುಕೊಂಡು ಮಾತಾಡಿದ್ರು. ಹದಿನೈದರೊಳಗ ಎಂಟು ಮಂದಿ ಡಾಕ್ಟರೇಟ್ ಮಾಡಿದವರು. ನಡಾವಳಿಯ 30 ಪ್ರತಿ ಮಾಡಿದ್ರು. ಹದಿನಾರನೇ ಪ್ರತಿ ಒಂದೇ 1947ಕ್ಕ ಸಿಕ್ಕಿತು. ಕೊಲೆಗಾರರೇ ಬರೆದಿಟ್ಟ ಕಾಗದದಿಂದಲೇ ನಮಗ ಇಷ್ಟೆಲ್ಲ ಗೊತ್ತಾಗ್ಯದ.

— ಯಾರಾದ್ರೂ ತಡೆದ್ರಾ? ಹುಡುಗೂರು ಅದನ್ನ ಕೇಳ್ತಾರ ಕಾಕಾ.

— ತಡೆದ ಕಡೆ ಉಳಿದಾರ. 1943ರ ಫೆಬ್ರವರಿ ಕೊನೆಗೆ ಬರ್ಲಿನ್ನಿನಾಗ ಜರ್ಮನ್ ಹೆಂಗಸರನ್ನ ಮದಿವಿ ಆಗಿದ್ದ ಸುಮಾರು 2,000 ಯಹೂದಿಗಳನ್ನ ಹಿಡಿದು ರೋಸನ್‌ಸ್ಟ್ರಾಸೆ ಅನ್ನೋ ಓಣಿಯ ಕಟ್ಟಡದಾಗ ಕೂಡಿಹಾಕಿದ್ರು. ಹೆಂಡಂದಿರು ಬಂದು ಬಾಗಿಲ ಮುಂದ ನಿಂತ್ರು. ಆ ಚಳಿಯಾಗ, ಪೊಲೀಸರ ಮುಂದ, ಗಂಡಂದಿರನ್ನ ಬಿಡ್ರಿ ಅಂತ ಒಂದು ವಾರ ನಿಂತ್ರು. ಗಂಡಂದಿರು ಮನಿಗೆ ಬಂದ್ರು. ಅದೇ ವರ್ಷ ಅಕ್ಟೋಬರಿನಾಗ ಡೆನ್ಮಾರ್ಕಿನ ಮೀನುಗಾರರು ದೋಣಿಯೊಳಗ ಏಳು ಸಾವಿರಕ್ಕಿಂತ ಹೆಚ್ಚು ಯಹೂದಿಗಳನ್ನ ಸ್ವೀಡನ್ನಿಗೆ ದಾಟಿಸಿದ್ರು. ಲಿಥುವೇನಿಯಾದ ಕೌನಾಸಿನಾಗ ಸುಗಿಹಾರ ಅಂತ ಜಪಾನಿ ಅಧಿಕಾರಿ, 1940ಕ್ಕ, ತನ್ನ ಸರ್ಕಾರ ಬ್ಯಾಡ ಅಂದ್ರೂ ಎರಡು ಸಾವಿರಕ್ಕಿಂತ ಹೆಚ್ಚು ವೀಸಾ ಕೈಯಿಂದ ಬರೆದುಕೊಟ್ಟ. ಅವನೂ ಕಾರಕೂನನೇ. ಕುಂತು ಬರೆದ, ಮುದ್ರಿ ಹೊಡೆದ.

— ಬ್ಯಾರೆ ದೇಶಗಳು?

— 1938ರ ಜುಲೈಗೆ ಫ್ರಾನ್ಸಿನ ಎವಿಯಾನ್‌ದಾಗ 32 ದೇಶ ಕೂಡಿದ್ರು. ಎಲ್ಲರೂ ಕನಿಕರದ ಮಾತಾಡಿದ್ರು. ಹೆಚ್ಚಿನ ಸಂಖ್ಯೆಯೊಳಗ ತಗೋತೀವಿ ಅಂದದ್ದು ಡೊಮಿನಿಕನ್ ರಿಪಬ್ಲಿಕ್ ಒಂದೇ.

— ನಮ್ಮ ದೇಶ?

— ವೀಸಾ ಬ್ರಿಟಿಷರ ಕೈಯಾಗ. ನೌಕರಿ ಪತ್ರ ಇಲ್ಲಾ ಜಾಮೀನು ಬೇಕು. ಬೆಂಗಳೂರಿನ ಎರಡು ಕತಿ ಅವ, ಎರಡನ್ನೂ ಹೇಳಬೇಕು. ಮ್ಯಾಕ್ಸ್ ಬಾರ್ನ್ ಅಂತ ಗಾಟಿಂಗನ್ನಿನ ದೊಡ್ಡ ಭೌತಶಾಸ್ತ್ರಜ್ಞ. ಕ್ವಾಂಟಂ ಮೆಕಾನಿಕ್ಸ್ ಕಟ್ಟಿದವರೊಳಗ ಒಬ್ಬ. 1933ರ ಏಪ್ರಿಲಿನಾಗ ಕೆಲಸದಿಂದ ತೆಗೆದವರ ಪಟ್ಟಿಯೊಳಗ ತನ್ನ ಹೆಸರು ಪೇಪರಿನಾಗ ಓದಿ ತಿಳಕೊಂಡ. ಇಂಗ್ಲೆಂಡಿಗೆ ಹೋದ, ಅಲ್ಲಿ ಕಾಯಂ ನೌಕರಿ ಸಿಗಲಿಲ್ಲ. ಆಗ ನಮ್ಮ ಸಿ.ವಿ. ರಾಮನ್ ಭಾರತೀಯ ವಿಜ್ಞಾನ ಸಂಸ್ಥೆ ಅನ್ನೋ ಟಾಟಾ ಇನ್ಸ್‌ಟಿಟ್ಯೂಟಿನ ನಿರ್ದೇಶಕರು. ಕರೆಸಿಕೊಂಡ್ರು. 1935ಕ್ಕ ಬಾರ್ನ್ ಹೆಂಡತಿ ಕೂಡ ಬೆಂಗಳೂರಿಗೆ ಬಂದು ಆರು ತಿಂಗಳು ಪಾಠ ಮಾಡಿದ. ಕಾಯಂ ಪ್ರಾಧ್ಯಾಪಕ ಮಾಡೋಣ ಅಂತ ರಾಮನ್ ಸಭೆಯೊಳಗ ಇಟ್ರು. ಆಸ್ಟನ್ ಅನ್ನೋ ಇಂಗ್ಲೆಂಡಿನ ಪ್ರಾಧ್ಯಾಪಕ ಎದ್ದು, ಸ್ವಂತ ದೇಶದವರೇ ಓಡಿಸಿದ ಎರಡನೇ ದರ್ಜೆಯ ಪರದೇಶಿ ನಮಗ ಯಾಕ ಬೇಕು ಅನ್ನೋ ಅರ್ಥದಾಗ ಮಾತಾಡಿದ. ಬಾರ್ನ್ ಅದೇ ಸಭೆಯೊಳಗ ಕುಂತಿದ್ದ. ಮನಿಗೆ ಹೋಗಿ ಹೆಂಡತಿ ಮುಂದ ಅತ್ತೆ ಅಂತ ತಾನೇ ಬರೆದಾನ.

— ರಾಮನ್ ಕೇಳಿದ್ರೂ ಆಗಲಿಲ್ಲ?

— ಆಗಲಿಲ್ಲ. ರಾಮನ್ ಅವರೇ 1937ಕ್ಕ ನಿರ್ದೇಶಕ ಸ್ಥಾನ ಬಿಡಬೇಕಾತು. ಬಾರ್ನ್ 1936ಕ್ಕ ಎಡಿನ್‌ಬರೋಕ್ಕ ಹೋದ, 1954ಕ್ಕ ನೊಬೆಲ್ ಬಂತು. ನೊಬೆಲ್ ಬಂದದ್ದಕ್ಕ ನಾ ಈ ಕತಿ ಹೇಳಲಿಕ್ಕತ್ತಿಲ್ಲ. ಎರಡನೇ ದರ್ಜೆಯವನೇ ಆಗಿದ್ರೂ ಅವನಿಗೆ ಜಾಗ ಬೇಕಿತ್ತು. ನಿರಾಶ್ರಿತ ಬಂದಾಗ ಮೊದಲ ನೀ ಎಷ್ಟು ಶಾಣ್ಯಾ ಅಂತ ಕೇಳೋದು ನನಗ ಒಪ್ಪೋದಿಲ್ಲ. ಶಾಣ್ಯಾ ಅಲ್ಲದ ದರ್ಜಿಗೆ, ಅವನ ಮುದುಕಿ ತಾಯಿಗೆ ಯಾರು ಪತ್ರ ಬರೀಬೇಕು?

— ಎರಡನೇ ಕತಿ?

— ಅದು ಬಾಗಿಲು ತೆರೆದದ್ದು. ಬಾರ್ನ್‌ನ ಸೋದರಳಿಯ ಆಟೋ ಕೋನಿಗ್ಸ್‌ಬರ್ಗರ್, 1908ಕ್ಕ ಬರ್ಲಿನ್ನಿನಾಗ ಹುಟ್ಟಿದವ, ವಾಸ್ತುಶಿಲ್ಪಿ. ಅವನ ಸರ್ಕಾರಿ ನೌಕರಿಯೂ ಅದೇ 1933ಕ್ಕ ಹೋತು. ಈಜಿಪ್ಟಿಗೆ ಹೋಗಿ ಅಲ್ಲಿ ಕೆಲಸ ಮಾಡಿದ. 1939ಕ್ಕ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದ. ಟಾಟಾ ಇನ್ಸ್‌ಟಿಟ್ಯೂಟಿನ ಏರೋನಾಟಿಕ್ಸ್ ವಿಭಾಗದ ಕಟ್ಟಡ ಅವನದು, ಊಟದ ಹಾಲು ಅವನದು, ಬೆಂಗಳೂರಿನ ಕೃಷ್ಣರಾವ್ ಪಾರ್ಕಿನ ಮಂಟಪ ಅವನದು. ಬಿಸಿಲು ಎಲ್ಲಿಂದ ಬೀಳ್ತದ, ಗಾಳಿ ಎಲ್ಲಿಂದ ಬರ್ತದ ಅಂತ ನೋಡಿ ಕಟ್ಟತಿದ್ದ. 1948ಕ್ಕ ಭುವನೇಶ್ವರದ ನಕ್ಷೆ ಮಾಡಿದ. ಅದೇ ವರ್ಷ ಕೇಂದ್ರ ಸರ್ಕಾರದ ವಸತಿ ನಿರ್ದೇಶಕನಾಗಿ ದಿಲ್ಲಿಗೆ ಹೋದ. ದೇಶ ಒಡೆದಾಗ ಮನಿ ಬಿಟ್ಟು ಬಂದ ಮಂದಿಗೆ ಊರು ಕಟ್ಟೋದು ಅವನ ಪಾಲಿಗೆ ಬಂತು. ಜರ್ಮನಿಯವರು ಹೊರಗ ಹಾಕಿದವ ನಮ್ಮ ನಿರಾಶ್ರಿತರಿಗೆ ಮನಿ ಯೋಚನಿ ಮಾಡಿದ. ಒಬ್ಬ ದಿವಾನರ ಕಚೇರಿಯ ಒಂದು ನೇಮಕಾತಿ ಪತ್ರದಿಂದ ಇಷ್ಟಾತು.

— ಮೈಸೂರಿನ ಮಾತಾತು. ನಮ್ಮ ಸುಲೇಪೇಟ ಆಗ ನಿಜಾಮರ ಕೆಳಗಿತ್ತಲ್ಲ.

— ಇತ್ತು. ನಮ್ಮ ರಾಜಧಾನಿ ಹೈದರಾಬಾದ್. ಅಲ್ಲೂ ಒಬ್ಬ ಇದ್ದ. ಲಿಯೋಪೋಲ್ಡ್ ವೈಸ್ ಅಂತ, 1900ಕ್ಕ ಲೆಂಬರ್ಗ್ ಅನ್ನೋ ಊರಾಗ ಯಹೂದಿ ಮನಿಯಾಗ ಹುಟ್ಟಿದವ. 1926ಕ್ಕ ಮುಸಲ್ಮಾನನಾಗಿ ಮುಹಮ್ಮದ್ ಅಸದ್ ಅಂತ ಹೆಸರಿಟ್ಟುಕೊಂಡ. 1937ರ ಸುಮಾರಿಗೆ ಹೈದರಾಬಾದಿನ 'ಇಸ್ಲಾಮಿಕ್ ಕಲ್ಚರ್' ಪತ್ರಿಕೆಗೆ ಸಂಪಾದಕನಾದ. ಯುದ್ಧ ಸುರು ಆದಾಗ ಬ್ರಿಟಿಷರು ಜರ್ಮನ್, ಆಸ್ಟ್ರಿಯನ್ ಪಾಸ್‌ಪೋರ್ಟ್ ಇದ್ದವರನ್ನೆಲ್ಲ ಶತ್ರು ದೇಶದವರು ಅಂತ ಹಿಡಿದ್ರು. ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಯಹೂದಿಗಳೂ ಅದರಾಗ ಸಿಕ್ಕರು. ಭಾಳ ಮಂದಿಯನ್ನ ಆಮ್ಯಾಲ ಬಿಟ್ರು. ಅಸದ್‌ನನ್ನ 1945ರ ತನಕ ಬಿಡಲಿಲ್ಲ. ಅವ ಇಲ್ಲಿ ಬೇಲಿಯೊಳಗಿದ್ದಾಗ ಅಲ್ಲಿ ಅವನ ತಂದಿನ್ನ, ಸೋದರಿನ್ನ ವಿಯೆನ್ನಾದಿಂದ ಒಯ್ದು ನಾಜಿಗಳು ಕೊಂದ್ರು.

— ಹೈದರಾಬಾದ್ ಅಂದಕೂಡಲೇ ನನ್ನ ಹುಡುಗೂರು ರಜಾಕಾರ ಅಂತಾರ, ನಿಜಾಮರ ಪರ ಇದ್ದ ಹತಾರದ ಪಡೆ. ಸೆಪ್ಟೆಂಬರ್ 17ಕ್ಕೆ ಧ್ವಜ ಹಾರಿಸ್ತೀವಲ್ಲ.

— ಅಲ್ಲಿಗೇ ಬರ್ಲಿಕ್ಕೆ ಹತ್ತಿದ್ದೆ. ಹುಡುಗೂರಿಗೆ ಯಹೂದಿಗಳ ಪಾಠ ಖರೇ ತಲುಪಬೇಕಂದ್ರ ಅವರು ನಿಂತ ನೆಲದ ಮಾತೂ ಆಗಬೇಕು.

— ಅಲ್ಲಿ ನನಗ ತಕರಾರು ಅದ ಕಾಕಾ. ಜರ್ಮನಿಯೊಳಗ ಒಂದು ಸರ್ಕಾರ ಪೂರಾ ಯಂತ್ರ ಹೂಡಿ ಒಂದು ಕುಲವನ್ನೇ ಭೂಮಿ ಮ್ಯಾಲಿಂದ ಅಳಸ್ಲಿಕ್ಕೆ ಹೊಂಟಿತ್ತು. 1948ರ ನಮ್ಮ ಗಲಾಟೆಯನ್ನ ಅದರ ಬಾಜೂ ಇಟ್ರ ಎರಡಕ್ಕೂ ಅನ್ಯಾಯ ಆಗ್ತದ.

— ಎರಡೂ ಒಂದೇ ಅಂತ ನಾ ಅಂದಿಲ್ಲ, ನೀನೂ ಅನಬ್ಯಾಡ. ಗ್ಯಾಸ್ ಕೋಣಿ ಇಲ್ಲಿದ್ದಿಲ್ಲ, ಅಂಥ ಕಾನೂನೂ ಇದ್ದಿಲ್ಲ. ಹುಡುಗೂರಿಗೆ ಮೊದಲ ಅದನ್ನೇ ಹೇಳು. ಆದ್ರ ಪಕ್ಕದ ಮನಿಯವನನ್ನ ಅವನ ಧರ್ಮದ ಮ್ಯಾಲ ಎಣಿಸೋದು ಇಲ್ಲೂ ಆಗ್ಯದ. 1948ರ ಮೇ ತಿಂಗಳಾಗ ಬೀದರ ಜಿಲ್ಲೆಯ ಗೋರಟಾದಾಗ ರಜಾಕಾರರು ಇನ್ನೂರಕ್ಕಿಂತ ಹೆಚ್ಚು ಮಂದಿಯನ್ನ ಕೊಂದ್ರು ಅಂತ ಆ ಊರು ಇವತ್ತೂ ಹೇಳ್ತದ. ಅದೇ ತಿಂಗಳು ಗಾಣಗಾಪುರ ಸ್ಟೇಷನ್ನಿನಾಗ ರೈಲಿನ ಮಂದಿ ಮ್ಯಾಲ ಬಿದ್ರು. ನಮ್ಮ ಚಿತ್ತಾಪುರದಿಂದ ಶಾಸಕರಾಗಿದ್ದ ಮಲ್ಲಿಕಾರ್ಜುನ ಖರ್ಗೆಯವರ ಹುಟ್ಟೂರು ಭಾಲ್ಕಿ ಕಡೆಯ ವರವಟ್ಟಿ. ರಜಾಕಾರರು ಹಚ್ಚಿದ ಬೆಂಕಿಯಾಗ ಅವರ ತಾಯಿ, ಸೋದರಿ ಸತ್ರು. ಸಣ್ಣ ಹುಡುಗ ಆಗಿದ್ದ ಅವರು, ಅವರ ತಂದಿ ಉಳಿದ್ರು.

— ಇದು ಹುಡುಗೂರಿಗೆ ಗೊತ್ತದ.

— ಇನ್ನರ್ಧ ಗೊತ್ತದೇನು? ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಬಂತು, ಅದನ್ನೇ ಪೊಲೀಸ್ ಆಕ್ಷನ್ ಅಂತಾರ, 17ಕ್ಕೆ ನಿಜಾಮರು ಶರಣಾದ್ರು. ಅದರ ಹಿಂದಿನಿಂದ ಮಂದಿ ಮುಸಲ್ಮಾನರ ಮ್ಯಾಲ ಬಿದ್ರು. ರಜಾಕಾರ ಆಗಿದ್ದವ, ಆಗದವ, ಅಂಗಡಿಯವ, ನೇಕಾರ, ಯಾವ ವಿಚಾರಣೆಯೂ ಇಲ್ಲ. ಪಂಡಿತ ಸುಂದರ್‌ಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ, ಈ ಮೂವರನ್ನ ಭಾರತ ಸರ್ಕಾರವೇ ಕಳಿಸಿತು. ನವೆಂಬರ್ ಕೊನೆಯಿಂದ ಡಿಸೆಂಬರ್ ತನಕ 16 ಜಿಲ್ಲೆಯೊಳಗ ಒಂಬತ್ತು ಜಿಲ್ಲೆ ತಿರುಗಿದ್ರು, 109 ಹಳ್ಳಿಗಳ 500ಕ್ಕಿಂತ ಹೆಚ್ಚು ಮಂದಿಯ ಮಾತು ಕೇಳಿದ್ರು. 27,000ದಿಂದ 40,000 ಮಂದಿ ಸತ್ತಿರಬಹುದು ಅಂತ ಅಂದಾಜು ಕೊಟ್ರು. ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ್, ಈ ನಾಕು ಜಿಲ್ಲೆಯೊಳಗೇ 18,000ಕ್ಕ ಕಡಿಮಿ ಇಲ್ಲ ಅಂದ್ರು. ನಾಕರೊಳಗ ಎರಡು ನಮ್ಮವು.

— ಆ ವರದಿ ಎಲ್ಲಿತ್ತು ಇಷ್ಟು ದಿನ?

— ಕಪಾಟಿನಾಗ. ಮಂದಿ ಕೈಗೆ ಸಿಕ್ಕಿದ್ದು 2013ಕ್ಕ, ದಿಲ್ಲಿಯ ನೆಹರು ಸ್ಮಾರಕ ಗ್ರಂಥಾಲಯದಾಗ. ಅರವತ್ತೈದು ವರ್ಷ. ಇದೇ ನನ್ನನ್ನ ಭಾಳ ಸುಡೋದು. ಜರ್ಮನಿಯೊಳಗ ಕೊಲ್ಲೋದಕ್ಕ ಪಟ್ಟಿ ಬರೆದ್ರು. ಅದೇ ಪಟ್ಟಿ ಹಿಡಿದು ಇವತ್ತು ಒಬ್ಬೊಬ್ಬರ ಹೆಸರು, ಹುಟ್ಟಿದ ದಿನ, ಹತ್ತಿದ ಗಾಡಿ ಹೇಳ್ತಾರ. ನಮ್ಮಲ್ಲಿ ಪಟ್ಟಿನೇ ಆಗಲಿಲ್ಲ. 27,000ಕ್ಕೂ 40,000ಕ್ಕೂ ನಡುವ 13,000 ಮನುಷ್ಯರಿದ್ದಾರ. ಅಷ್ಟು ಮಂದಿ ಸತ್ರೋ ಇಲ್ಲೋ ಅನ್ನೋದೇ ಅಂದಾಜಿನ ಮಾತಾಗಿ ಉಳೀತು.

— ನಮ್ಮಜ್ಜಿ "ಪೊಲೀಸ್ ಆಕ್ಷನ್ ವರ್ಷ" ಅಂತ ಮಾತು ಸುರು ಮಾಡಿ ಅಲ್ಲಿಗೇ ನಿಲ್ಲಸ್ತಿದ್ದಳು. ರಜಾಕಾರರ ಹಾವಳಿಯ ಮಾತು ಮಾತ್ರ ಪೂರಾ ಹೇಳ್ತಿದ್ದಳು.

— ಎಲ್ಲಾ ಮನಿಯಾಗೂ ಹಂಗೇ. ಒಂದು ಓಣಿಯಾಗ ಮೇ ತಿಂಗಳು ಹೇಳ್ತಾರ, ಇನ್ನೊಂದು ಓಣಿಯಾಗ ಸೆಪ್ಟೆಂಬರ್ ಹೇಳ್ತಾರ. ನಿನ್ನ ಕ್ಲಾಸಿಗೆ ಎರಡೂ ಓಣಿಯ ಹುಡುಗೂರು ಬರ್ತಾರ.

— ಅದಕ್ಕೇ ನನಗ ಹೆದರಿಕಿ. ಒಂದೇ ಬೆಂಚಿನ ಮ್ಯಾಲ ಕುಂದ್ರತಾವ, ಡಬ್ಬಿ ಬಿಚ್ಚಿ ಕೂಡಿ ಉಣ್ತಾವ. ಮಾಯ್ದ ಗಾಯ ನಾ ಯಾಕ ಕೆರೀಲಿ ಅನಸ್ತದ.

— ಮಾಯ್ದಿದ್ರ ನಿಮ್ಮಜ್ಜಿ ಅರ್ಧಕ್ಕೆ ನಿಲ್ಲಸ್ತಿದ್ದಿಲ್ಲ. ನೀ ಹೇಳದಿದ್ರ ಹುಡುಗೂರು ಕೇಳೋದು ಬಿಡೋದಿಲ್ಲ, ಮೊಬೈಲಿನಾಗ ಕೇಳ್ತಾರ. ಅಲ್ಲಿ ಹೇಳೋರು ಒಂದರ್ಧ ಹೇಳಿ ಸಿಟ್ಟು ತುಂಬ್ತಾರ. ಜರ್ಮನಿಯವರೂ ಯುದ್ಧ ಮುಗಿದ ಕೂಡಲೇ ಮಾತಾಡಲಿಲ್ಲ. ಅಪ್ಪಂದಿರು ಬಾಯಿ ಮುಚ್ಚಿದ್ರು, ಮಕ್ಕಳು ದೊಡ್ಡವರಾಗಿ ಕೇಳ್ಲಿಕ್ಕೆ ಹತ್ತಿದ್ರು. ಈಗ ಅಲ್ಲಿ ಗುಂಟರ್ ಡೆಮ್ನಿಗ್ ಅನ್ನೋ ಕಲಾವಿದ ಸುರು ಮಾಡಿದ ಕೆಲಸ ನಡದದ. ಗೇಣು ಅಗಲವೂ ಇಲ್ಲದ ಕಾಂಕ್ರೀಟ್ ಗಟ್ಟಿ, ಮ್ಯಾಲ ಹಿತ್ತಾಳಿ ತಗಡು. ಇಂಥವರು ಇಲ್ಲಿ ಇದ್ರು, ಇಂಥ ವರ್ಷ ಹುಟ್ಟಿದ್ರು, ಇಂಥ ದಿನ ಒಯ್ದ್ರು, ಇಂಥಲ್ಲಿ ಕೊಂದ್ರು. ಅವರ ಮನಿ ಬಾಗಿಲ ಮುಂದಿನ ಕಾಲುದಾರಿಯಾಗೇ ಹುಗೀತಾರ. 2023ಕ್ಕ ಒಂದು ಲಕ್ಷ ದಾಟಿದ್ವು. ಶಹಾಬಾದ್ ಕಲ್ಲು ಅಂತ ನಮ್ಮ ಚಿತ್ತಾಪುರ, ಸೇಡಂ, ಚಿಂಚೋಳಿಯ ಫರ್ಸಿ ದೇಶದ ಮೂಲಿಮೂಲಿಗೆ ಹೋಗ್ಯದ. ನಮ್ಮ ಸತ್ತವರ ಹೆಸರು ಕೊರೀಲಿಕ್ಕೆ ಈ ಸೀಮಿಯಾಗ ಕಲ್ಲಿಗೆ ಬರ ಅದೇನು? ಗೋರಟಾದಾಗ ಸ್ಮಾರಕ ಆಗ್ಯದ, ಆಗಬೇಕಾದದ್ದೇ. ಸೆಪ್ಟೆಂಬರಿನ ಸತ್ತವರಿಗೂ ಆಗಬೇಕು.

— ಹೆಡ್‌ಮಾಸ್ತರು ಒಪ್ಪೋದಿಲ್ಲ. ಪಾಲಕರು ಬಂದು ಕೇಳಿದ್ರ ನಾ ಏನ್ ಹೇಳಲಿ?

— ಕಲ್ಲಿನ ಮಾತು ಊರಿನವರು ನೋಡ್ಕೋತೀವಿ, ಅದು ನಿನ್ನ ಕೆಲಸಲ್ಲ. ನೀ ಪಾಠ ಮಾಡು. ವರದಿಯೊಳಗ ಇನ್ನೊಂದು ಸಂಗತಿ ಅದ, ಅದು ಕೈಯಾಗಿರಲಿ. ಕೆಲವು ಕಡೆ ಹಿಂದೂ ನೇಕಾರರು ಮುಸಲ್ಮಾನ ನೇಕಾರರನ್ನ ಕಾಪಾಡಿದ್ರು ಅಂತ ಬರದಾರ, ತಮ್ಮ ಜೀವ ಕೊಟ್ಟು ಕಾಪಾಡಿದವರೂ ಇದ್ರು. ಹೊತ್ತೊಯ್ದ ಮುಸಲ್ಮಾನ ಹೆಣ್ಣುಮಕ್ಕಳನ್ನ ವಾಪಸ್ ಮನಿ ಮುಟ್ಟಸ್ಲಿಕ್ಕೆ ಎಷ್ಟೋ ಹಿಂದೂಗಳು ಓಡಾಡ್ಯಾರ. ಬರ್ಲಿನ್ನಿನ ಬಾಗಿಲ ಮುಂದ ನಿಂತ ಹೆಂಗಸರ ಸಂಗಟ ಇವರನ್ನೂ ಹೇಳು.

— ನೇಕಾರರ ಸಂಗತಿ ಇವತ್ತೇ ಕೇಳಿದೆ. ಮೊದಲ ದಿನ ರಜಾಕಾರರದು ಮಾಡಿ, ಮರುದಿನ ಸುಂದರ್‌ಲಾಲ್ ವರದಿ ತಗೊಂಡ್ರ ಆಗ್ತದೇನು?

— ಬ್ಯಾಡ. ಎರಡೂ ಒಂದೇ ದಿನ ಹೇಳು. ಈಗ ತೊಗರಿ ರಾಶಿ ಕಾಲ, ಯಾರಾದ್ರೂ ಒಬ್ಬರು ಹೊಲಕ್ಕ ಹೋಗಿರ್ತಾರ. ಮೊದಲ ದಿನ ಬಂದು ಮರುದಿನ ತಪ್ಪಿಸಿದ ಹುಡುಗ ಒಂದರ್ಧ ಕೇಳ್ಕೊಂಡು ಮನಿಗೆ ಹೋಗ್ತಾನ. ಮರುದಿನ ಮಾತ್ರ ಬಂದವ ಇನ್ನೊಂದರ್ಧ.

— ಹಂಗಾದ್ರ ಎರಡು ಪಿರಿಯಡ್ ಕೂಡಿಸಿ ಬೇಕಾಗ್ತದ. ಗಣಿತದ ಸರ್‌ಗೆ ಅವರ ಪಿರಿಯಡ್ ಕೇಳ್ತೀನಿ. ನೀವು ಶನಿವಾರ ಬರ್ರಿ ಕಾಕಾ, ರೈಲಿನ ಛಾರ್ಜಿನ ಲೆಕ್ಕ ನೀವೇ ಬೋರ್ಡಿನ ಮ್ಯಾಲ ಮಾಡಿ ತೋರಸ್ರಿ.

— ಬರ್ತೀನಿ. ನಾಕು ಫೆನಿಗ್ ಅಂದ್ರ ಎಷ್ಟು ಅಂತ ಅವರಿಗೆ ಮೊದಲ ಹೇಳಿರು. ನೂರು ಫೆನಿಗ್‌ಗೆ ಒಂದು ಮಾರ್ಕ್.